ಭಾವನ ಬ್ಯಾಗಿನ ಎರಡು ತೋಟೆ

ಕತಾರಿಗೆ ಬಂದು ಇಪ್ಪತ್ತಕ್ಕೂ ಹೆಚ್ಚು ವರ್ಷವಾಯಿತು. ಇಷ್ಟು ವರ್ಷದಲ್ಲಿ ನನ್ನ ಗಂಡ ತಾರಾನಾಥರು ಒಂದೇ ಒಂದು ಕೆಂಪು ದೀಪ ದಾಟಿದವರಲ್ಲ. ಸೀಟ್ ಬೆಲ್ಟ್ ಹಾಕದೆ ಕಾರು ಸ್ಟಾರ್ಟ್ ಮಾಡುವುದಿಲ್ಲ. ಕಡಲ ದಂಡೆಯ ಕಾರ್ನಿಶ್‌ನಲ್ಲಿ ಕುಳಿತು ನೆಲಗಡಲೆ ತಿಂದರೆ ಸಿಪ್ಪೆಯನ್ನು ಜೇಬಿಗೆ ತುಂಬಿಕೊಂಡು ಮನೆಗೆ ತರುತ್ತಾರೆ. "ಇಲ್ಲಿ ಕಾನೂನು ಅಂದ್ರೆ ಕಾನೂನು ಮಾರಾಯ, ಊರಿನ ಹಾಗಲ್ಲ" ಎಂದು ಬಂದ ನೆಂಟರಿಗೆಲ್ಲ ಹೇಳುತ್ತಾರೆ, ಆ ಕಾನೂನನ್ನು ತಾವೇ ಬರೆದುಕೊಟ್ಟವರ ಹಾಗೆ. ಅದೇ ಮನುಷ್ಯ ರಜೆಗೆ ಊರಿಗೆ ಹೋದರೆ ಕಾನೂನನ್ನು ವಿಮಾನದ ಸೀಟಿನಲ್ಲೇ ಬಿಟ್ಟು ಇಳಿಯುತ್ತಾರೆ.

ಬೆಳ್ತಂಗಡಿಯ ಕಡೆ ನಮಗೆ ಸ್ವಲ್ಪ ಕೃಷಿ ಉಂಟು. ಬೆಳೆ ಕಾಯುವುದಕ್ಕೆಂದು ಇವರ ಹೆಸರಿನಲ್ಲಿ ಪರವಾನಗಿ ಇರುವ ಒಂದು ಕೋವಿಯೂ ಉಂಟು. ಕಾಡುಹಂದಿಯ ಕಾಟ ಸುಳ್ಳಲ್ಲ. ನಮ್ಮ ಜಾಗ ನೋಡಿಕೊಳ್ಳುವ ಚೆನ್ನು, "ಡಬ್ಬಿ ಬಡಿದು ಬಡಿದು ರಟ್ಟೆ ಬಿದ್ದುಹೋಯ್ತು ಅಕ್ಕ, ಗೆಣಸು ಒಂದೂ ಉಳೀಲಿಲ್ಲ" ಎಂದು ಫೋನಿನಲ್ಲಿ ಅತ್ತದ್ದನ್ನು ಕೇಳಿದವಳು ನಾನು. ಹಾಗಾಗಿ ಕೋವಿಯೇ ಬೇಡ ಎಂದು ನಾನು ಯಾವತ್ತೂ ಹೇಳಿಲ್ಲ. ನನ್ನ ಸಿಟ್ಟೆಲ್ಲ ಅದನ್ನು ಇಟ್ಟುಕೊಳ್ಳುವ ರೀತಿಯ ಮೇಲೆ. ಕೋವಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತದೆ. ಅದಕ್ಕೆ ತುಂಬುವ ತೋಟೆಗಳು ಮನೆ ತುಂಬ ಇರುತ್ತವೆ, ಅಕ್ಕಿ ಡಬ್ಬಿಯ ಪಕ್ಕ, ಟಿವಿಯ ಮೇಲೆ, ದೇವರ ಕೋಣೆಯ ಕಪಾಟಿನಲ್ಲಿ. ಒಮ್ಮೆ ಇವರ ಚಡ್ಡಿ ಒಗೆಯಲು ಹಾಕುವಾಗ ಜೇಬಿನಿಂದ ಒಂದು ತೋಟೆ ಉದುರಿತು. ಜಗಳ ತೆಗೆದೆ. "ಅದಕ್ಕೇನು ಹಲ್ಲುಂಟಾ ಕಚ್ಚಲಿಕ್ಕೆ?" ಎಂದು ನಕ್ಕರು.

ಚುನಾವಣೆ ಬಂತೆಂದರೆ ನಮ್ಮ ಕಡೆ ಕೋವಿ ಇರುವವರೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಫಲಿತಾಂಶ ಬಂದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಕೃಷಿಕರಿಗೆ ಇದರಷ್ಟು ಸಿಟ್ಟು ತರಿಸುವ ನಿಯಮ ಬೇರೊಂದಿಲ್ಲ. ಈ ಸಲ ಇವರು ರಜೆಯಲ್ಲಿ ಊರಲ್ಲಿದ್ದಾಗಲೇ ಚುನಾವಣೆ ಘೋಷಣೆಯಾಯಿತು. ಬೈಯುತ್ತಲೇ ಹೋಗಿ ಕೋವಿ ಒಪ್ಪಿಸಿ, ದೋಹಾಕ್ಕೆ ಮರಳಿದರು. ಮರಳಿದವರು ಸುಮ್ಮನೆ ಕೂರಲಿಲ್ಲ. ಸರ್ಕಾರದವರು ಕೋವಿಯ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡುತ್ತಾರೆ, ತೋಟೆಗೂ ಲೆಕ್ಕ ಕೇಳುತ್ತಾರೆ, ಬೀಗ ಹಾಕಿದ ಕಪಾಟು ಇಲ್ಲದಿದ್ದರೆ ಪರವಾನಗಿ ರದ್ದು ಮಾಡುತ್ತಾರೆ ಎಂಬ ಸುದ್ದಿ ಊರಲ್ಲಿ ಎದ್ದಿತ್ತು. ಇವರು ನಮ್ಮ ಕರಾವಳಿ ಸಂಘದ ಅಧ್ಯಕ್ಷರು. ಶುಕ್ರವಾರ ಸಂಜೆ ಸಂಘದ ಹಾಲ್‌ನಲ್ಲಿ ಅದರ ಮೇಲೆ ಚರ್ಚೆ ಇಟ್ಟರು. ಊರಿನ ಒಂದು ಚಾನೆಲ್ ಅದನ್ನು ನೇರ ಪ್ರಸಾರ ಮಾಡುವುದಾಗಿ ಒಪ್ಪಿತು. ವಾರವಿಡೀ ನಮ್ಮ ಮದೀನತ್ ಖಲೀಫಾದ ಮನೆಯ ಕನ್ನಡಿಯ ಎದುರು ಭಾಷಣದ ಅಭ್ಯಾಸ ನಡೆಯಿತು. ನಾನು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದೆ.

ನನ್ನ ತಮ್ಮ ಯಜ್ಞೇಶ್ ರಜೆ ಮುಗಿಸಿ ಬುಧವಾರ ಊರಿನಿಂದ ಬರುವವನಿದ್ದ. ಅಲ್ ರಯ್ಯಾನ್‌ನಲ್ಲಿ ಒಂದು ಕೇಟರಿಂಗ್ ಕಂಪನಿಯ ಸ್ಟೋರ್ ಕೀಪರ್ ಅವನು. ಅಮ್ಮ ತೀರಿಕೊಂಡಾಗ ಅವನಿಗೆ ಸರಿಯಾಗಿ ಮಾತು ಬರುತ್ತಿರಲಿಲ್ಲ, ನಾನೇ ಸೊಂಟದಲ್ಲಿ ಹೊತ್ತು ಬೆಳೆಸಿದೆ. ಅವನಿಗೆ ಇಲ್ಲಿಯ ವೀಸಾ ಕೊಡಿಸಿದ್ದು ಇವರು. ಆ ಋಣವನ್ನು ಅವನು ಒಂದು ದಿನವೂ ಮರೆತಿಲ್ಲ, ಮರೆಯಲು ಇವರೂ ಬಿಟ್ಟಿಲ್ಲ. ಭಾವ ಬಂದರೆ ಇವತ್ತಿಗೂ ಕುರ್ಚಿಯಿಂದ ಏಳುತ್ತಾನೆ. ಅವನು ಊರಿನಿಂದ ಹೊರಡುವ ಮುಂಚಿನ ದಿನ ಇವರು ಫೋನ್ ಮಾಡಿದ್ದನ್ನು ನಾನು ಪಕ್ಕದಲ್ಲೇ ಕುಳಿತು ಕೇಳಿದ್ದೆ. "ನಮ್ಮ ಮನೆಗೆ ಹೋಗು. ಕಪಾಟಿನ ಮೇಲೆ ನನ್ನ ಕಪ್ಪು ಬ್ಯಾಗ್ ಉಂಟು. ಚೆನ್ನು ಹತ್ರ ಹಲಸಿನ ಹಪ್ಪಳ, ಒಣ ಬಂಗುಡೆ ಕಟ್ಟಿಸಿ ಇಟ್ಟಿದ್ದೇನೆ. ಅದ್ರಲ್ಲೇ ಹಾಕ್ಕೊಂಡು ಬಾ."

"ಆಯ್ತು ಭಾವ" ಎಂದ ತಮ್ಮ. ಅವನು ಇವರಿಗೆ ಬೇರೆ ಉತ್ತರ ಕೊಟ್ಟದ್ದು ನನಗೆ ನೆನಪಿಲ್ಲ.

ಬುಧವಾರ ಮಧ್ಯಾಹ್ನ ತಮ್ಮನ ಹೆಂಡತಿ ಅಮಿತಾ ವಿಮಾನ ನಿಲ್ದಾಣದಿಂದ ಫೋನ್ ಮಾಡಿದಳು. ವಿಮಾನ ಇಳಿದು ಎಷ್ಟೋ ಹೊತ್ತಾಗಿತ್ತು, ಎಲ್ಲರೂ ಹೊರಗೆ ಬಂದಿದ್ದರು, ಯಜ್ಞೇಶ್ ಮಾತ್ರ ಬಂದಿರಲಿಲ್ಲ. ಫೋನ್ ಸ್ವಿಚ್ ಆಫ್. ನಾನು ಯೂಸುಫಾಕನಿಗೆ ಹೇಳಿದೆ. ಯೂಸುಫಾಕ ಇವರ ಕಂಪನಿಯ ಮಂದೂಬ್. ಸರ್ಕಾರಿ ಕಚೇರಿಗಳಿಗೆ ಓಡಾಡುವ ಕೆಲಸ, ನೀರು ಕುಡಿದಂತೆ ಅರಬ್ಬಿ ಮಾತಾಡುತ್ತಾರೆ. ನಮ್ಮ ಪಕ್ಕದ ಊರಿನ ಬ್ಯಾರಿ, ನನ್ನನ್ನು ಒಡಹುಟ್ಟಿದವಳ ಹಾಗೆ ನೋಡಿದವರು. ಸಂಜೆ ಅವರು ಮನೆಗೇ ಬಂದರು. ಬಂದವರು ಚಹಾ ಬೇಡವೆಂದರು.

"ಪೂವಕ್ಕ, ಯಜ್ಞೇಶನನ್ನು ಹಿಡಿದಿಟ್ಟಿದ್ದಾರೆ. ಕಸ್ಟಮ್ಸ್ ಮೆಷೀನಲ್ಲಿ ಬ್ಯಾಗ್ ಹಾಕುವಾಗ ಗುಂಡು ಕಂಡಿದೆ. ಕೋವಿಯ ತೋಟೆ, ಎರಡು. ಬ್ಯಾಗಿನ ಬದಿಯ ಜಿಪ್ಪಲ್ಲಿ, ಒಂದು ಹಳೇ ಸಾಕ್ಸಿನ ಒಳಗೆ. ಊರಲ್ಲಿ ಅದು ಹೇಗೆ ತಪ್ಪಿ ಬಂತೋ ದೇವರಿಗೇ ಗೊತ್ತು."

"ಯಾವ ಬ್ಯಾಗ್?" ಎಂದು ಕೇಳಿದೆ.

"ಕಪ್ಪು ಬ್ಯಾಗಂತೆ. ಹಪ್ಪಳ, ಒಣಮೀನು ಇದ್ದದ್ದು."

ನಾನು ಗಂಡನ ಮುಖ ನೋಡಿದೆ. ಸೋಫಾದಲ್ಲಿ ಕುಳಿತಿದ್ದ ಇವರು ಕೈಯಲ್ಲಿದ್ದ ಭಾಷಣದ ಹಾಳೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಯೂಸುಫಾಕ ಹೇಳುತ್ತಲೇ ಹೋದರು. ಈ ದೇಶದಲ್ಲಿ ಒಂದು ಗುಂಡೂ ಗುಂಡೇ. ಯಾರದ್ದು, ಯಾಕೆ ತಂದದ್ದು ಎಂದು ಸರಿಯಾಗಿ ಗೊತ್ತಾಗದಿದ್ದರೆ ಕೋರ್ಟು, ಜೈಲು, ಆಮೇಲೆ ದೇಶ ಬಿಡಿಸುವುದು. ಭಾನುವಾರ ಫೈಲು ಪ್ರಾಸಿಕ್ಯೂಷನ್ನಿಗೆ ಹೋಗುತ್ತದೆ. ಅಷ್ಟರೊಳಗೆ ಬ್ಯಾಗಿನ ಯಜಮಾನ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಯಜ್ಞೇಶನಿಗೆ ಹಗುರವಾಗುತ್ತದೆ. ಇಷ್ಟು ಹೇಳಿ ಅವರೂ ಇವರ ಮುಖವನ್ನೇ ನೋಡಿದರು. ಇವರು ತಲೆ ಎತ್ತಲಿಲ್ಲ.

ಯೂಸುಫಾಕ ಹೋದ ಮೇಲೆ ನಾನು ಬಾಗಿಲು ಹಾಕಿದೆ. "ನಿಮ್ಮದೇ ಅಲ್ವಾ?" ಎಂದೆ.

ಇವರು ಸುಳ್ಳು ಹೇಳಲಿಲ್ಲ. ಅಷ್ಟರ ಮಟ್ಟಿಗೆ ಹೇಳಬೇಕು. "ಇರ್ಬೇಕು. ಠಾಣೆಗೆ ಕೋವಿ ಕೊಂಡು ಹೋಗುವಾಗ ತೋಟೆ ಎಲ್ಲ ಅದೇ ಬ್ಯಾಗಲ್ಲಿ ಹಾಕಿದ್ದೆ. ಲೈಸೆನ್ಸಲ್ಲಿ ಇದ್ದದ್ದನ್ನು ಕೊಟ್ಟೆ. ಎರಡು ಹೆಚ್ಚಿಗೆ ಇತ್ತು. ಬೇಟೆಗೆ ಹೋಗುವಾಗ ದೋಸ್ತಿಗಳು ಕೊಟ್ಟದ್ದು. ಅದನ್ನು ಪೊಲೀಸರಿಗೆ ತೋರಿಸ್ಲಿಕ್ಕೆ ಆಗ್ತದಾ? ಸಾಕ್ಸಲ್ಲಿ ಸುತ್ತಿ ಇಟ್ಟೆ. ಆಮೇಲೆ ಮರೆತೇಹೋಯ್ತು ಮಾರಾಯ್ತಿ."

ಮರೆತೇಹೋಯಿತಂತೆ. ಹಾಲು ಒಲೆಯ ಮೇಲಿಟ್ಟು ನಾನು ಒಮ್ಮೆ ಮರೆತಿದ್ದಕ್ಕೆ ಮೂರು ದಿನ ಮಾತು ಬಿಟ್ಟ ಮನುಷ್ಯ. ಜೀವ ತೆಗೆಯುವ ವಸ್ತುವನ್ನು ಸಾಕ್ಸಿನಲ್ಲಿ ಸುತ್ತಿಟ್ಟು ಮರೆಯುತ್ತಾರೆ, ಆಮೇಲೆ ಅದೇ ಬ್ಯಾಗಿನಲ್ಲಿ ಹಪ್ಪಳ ತರಲು ಹೇಳುತ್ತಾರೆ.

"ಏಳಿ. ಯೂಸುಫಾಕನಿಗೆ ಫೋನ್ ಮಾಡಿ. ಈಗಲೇ ಹೋಗುವ."

"ಸ್ವಲ್ಪ ತಡಿ. ಲಾಯರನ್ನು ಕೇಳ್ಬೇಕು. ನಾನು ಹೋಗಿ ನನ್ನದು ಅಂದ್ರೆ ಕಂಪನಿ ಕತೆ ಏನು? ನಮಗೆ ಜಾಮೀನು ನಿಂತ ಕಫೀಲ ಏನು ಹೇಳಿಯಾನು? ಊರಲ್ಲಿ ಗೊತ್ತಾದ್ರೆ ಲೈಸೆನ್ಸೂ ಹೋಯ್ತು. ನಾಡಿದ್ದು ಲೈವ್ ಉಂಟು, ಇಡೀ ಜಿಲ್ಲೆ ನೋಡ್ತದೆ. ಅವನು ಸಣ್ಣ ಕೆಲಸದವ, ಗೊತ್ತಿಲ್ಲ ಗೊತ್ತಿಲ್ಲ ಅಂದ್ರೆ ಬಿಟ್ಟುಬಿಡ್ತಾರೆ. ದೊಡ್ಡವರ ಹೆಸರು ಬಂದ್ರೆ ಕೇಸೂ ದೊಡ್ಡದಾಗ್ತದೆ."

"ಅವನಿಗೂ ಹೆಂಡತಿ ಉಂಟು. ಅವನಿಗೂ ಕೆಲಸ ಉಂಟು."

"ನಾನು ಬಿಡ್ತೇನೆ ಅಂತ ಹೇಳಿದ್ದೇನಾ? ಶುಕ್ರವಾರ ಕಳೀಲಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಸಾವಿರ ಸಲ ಕೇಳಿದ್ದೇನೆ. ಬರೆ ಬಿದ್ದದ್ದು ನನ್ನ ತಮ್ಮನ ಬೆನ್ನಿಗೆ ಎಂದಾಗ ಮಾತ್ರ ಅದರ ಅರ್ಥ ಹೊಟ್ಟೆಗೆ ಇಳಿಯಿತು. ಅಷ್ಟಕ್ಕೂ ಇವರು ಸುಮ್ಮನಿರಲಿಲ್ಲ. ಯಜ್ಞೇಶ ಇನ್ನೂ ಊರಲ್ಲೇ ಇದ್ದಾನೆ, ಟಿಕೆಟ್ ಮುಂದೆ ಹಾಕಿದ್ದಾನೆ ಎಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟರು. ಅದಕ್ಕೆ ಬಂದ ಹೆಬ್ಬೆರಳುಗಳನ್ನು ನೋಡಿ ನನಗೆ ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು.

ಮರುದಿನ ಯೂಸುಫಾಕ ಹೇಗೋ ಮಾಡಿ ತಮ್ಮನನ್ನು ನೋಡಲು ಅನುಮತಿ ತಂದರು. ನಾನು, ಅಮಿತಾ ಇಬ್ಬರೂ ಹೋದೆವು. ಮೇಜಿನ ಆಚೆ ಕುಳಿತಿದ್ದ. ಕುರುಚಲು ಗಡ್ಡ ಮೂಡಿತ್ತು. ಹೊರಟ ದಿನದ ಶರ್ಟಿನಲ್ಲೇ ಇದ್ದ, ನನ್ನನ್ನು ಕಂಡು ಎದ್ದು ನಿಲ್ಲಲು ಹೋದ. ಅಲ್ಲಿಯವರು ಕೂರು ಎಂದರು.

"ಅಕ್ಕ, ಹೆದರ್ಬೇಡ. ಊಟ ಕೊಡ್ತಾರೆ. ಒಳ್ಳೇದಾಗಿ ಮಾತಾಡ್ತಾರೆ" ಎಂದ. ಹಿಡಿದವರು ಒಳ್ಳೆಯವರು ಎಂದು ನನಗೇ ಸಮಾಧಾನ ಹೇಳುವ ತಮ್ಮ ಅವನು.

"ನೀನು ಏನು ಹೇಳಿದ್ದಿ ಅವರಿಗೆ?"

"ಬ್ಯಾಗ್ ನನ್ನದೇ ಅಂದೆ. ತೋಟೆ ಹೇಗೆ ಬಂತು ಗೊತ್ತಿಲ್ಲ ಅಂದೆ."

ಅಮಿತಾ ದಂಗಾದಳು. "ನಿಮ್ಮದಲ್ಲ ಅಲ್ವಾ ಅದು. ನಮ್ಮ ಮನೇಲಿ ಅಂಥ ಬ್ಯಾಗೇ ಇಲ್ಲ. ಅಕ್ಕ, ಯಾರದ್ದು ಆ ಬ್ಯಾಗು?"

ಯಜ್ಞೇಶ ನನ್ನನ್ನು ನೋಡಿದ. "ಭಾವನ ಹೆಸರು ಹೇಳಿದ್ರೆ ನಾಳೆ ನಿನ್ನ ಗತಿ ಏನು? ಆ ಮನೇಲಿ ನೀನು ಬದುಕ್ಬೇಕಲ್ಲ. ವೀಸಾ ಕೊಟ್ಟವರು ಬೇರೆ. ನನಗೇನು, ಸ್ವಲ್ಪ ದಿನ. ಊರಿಗೆ ಕಳಿಸಿದ್ರೂ ಆಯ್ತು, ಏನಾದ್ರೂ ಮಾಡ್ತೇನೆ. ನೀನು ಬಾಯಿ ಬಿಡ್ಬೇಡ ಅಕ್ಕ. ಅಮ್ಮನ ಆಣೆ."

ನಮ್ಮಲ್ಲಿ ಹೀಗೆಯೇ ಬೆಳೆಸುತ್ತಾರೆ. ಅಕ್ಕನನ್ನು ಕೊಟ್ಟ ಮನೆಯ ಎದುರು ತವರಿನವರು ತಲೆ ತಗ್ಗಿಸಿರಬೇಕು, ಅಕ್ಕನ ಸಂಸಾರ ಕೆಡುವ ಮಾತು ತಮ್ಮನ ಬಾಯಿಂದ ಬರಬಾರದು. ಅದನ್ನು ಅವನಿಗೆ ಕಲಿಸಿದವಳೂ ನಾನೇ, ಅನ್ನ ಕಲಸಿ ತಿನ್ನಿಸುವಾಗ. ಕಲಿಸಿದ್ದೆಲ್ಲ ಇವತ್ತು ಅವನ ಕೊರಳಿಗೆ ಬಂದಿತ್ತು. ಅಲ್ಲಿ ಅತ್ತರೆ ಅವನಿಗೆ ಕಷ್ಟವೆಂದು ನಾನು ಅಳಲಿಲ್ಲ. ಹೊರಗೆ ಬಂದು ಬಿಸಿಲಲ್ಲಿ ನಿಂತು ಅಮಿತಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅತ್ತಳು, ಆಮೇಲೆ ಕೇಳಿದಳು, "ಭಾವ ಬಂದು ಹೇಳ್ತಾರಲ್ಲ?" ನಾನು, ಹೇಳದೆ ಎಲ್ಲಿಗೆ ಹೋಗ್ತಾರೆ ಎಂದೆ.

ಮನೆಗೆ ಬಂದು ಇವರಿಗೆ ಅದನ್ನೇ ಹೇಳಿದೆ. ಯಜ್ಞೇಶ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಾನೆ ಎಂದೆ. ಇವರ ಕಣ್ಣು ಒದ್ದೆಯಾಯಿತು. "ಬಂಗಾರದಂಥ ಹುಡುಗ" ಎಂದರು. ಏಳುತ್ತಾರೆ ಎಂದು ಕಾದೆ. ಇವರು ಕಣ್ಣೊರೆಸಿಕೊಂಡು, "ಹಾಗಾದ್ರೆ ಸದ್ಯಕ್ಕೆ ನನ್ನ ಹೆಸರು ಎಲ್ಲೂ ಬಂದಿಲ್ಲ" ಎಂದರು. ಆ ಕ್ಷಣದಲ್ಲಿ ನನ್ನೊಳಗೆ ಏನೋ ಒಂದು ಖಲಾಸ್ ಆಯಿತು. ಇಷ್ಟು ವರ್ಷ ಗಂಡನೆಂದು ಸಹಿಸಿಕೊಂಡದ್ದೆಲ್ಲ ಮುಗಿಯಿತು ಎಂದು ನನಗೇ ಸ್ಪಷ್ಟವಾಗಿ ಗೊತ್ತಾಯಿತು. ನಾನು ಇನ್ನೊಂದು ಮಾತು ಆಡಲಿಲ್ಲ. ಇವರು ಅದನ್ನು ಒಪ್ಪಿಗೆ ಎಂದುಕೊಂಡರು.

ಶುಕ್ರವಾರ ಸಂಜೆ ಹಾಲ್ ತುಂಬಿತ್ತು. ಮಲ್ಲಿಗೆ ಮುಡಿದವರು, ಇಸ್ತ್ರಿ ಶರ್ಟಿನವರು, ಹಿಂದೆ ಗೋಳಿಬಜೆ ಮತ್ತು ಚಹಾ. ಹೆಂಗಸರ ಸಾಲಿನಲ್ಲಿ ಮುಂದೆಯೇ ಕುಳಿತೆ. ಅಮಿತಾ ಬರುವುದಿಲ್ಲ ಎಂದಿದ್ದಳು, ನಾನೇ ಬಾ ಎಂದು ಕರೆದುಕೊಂಡು ಬಂದೆ. ಯೂಸುಫಾಕ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು. ಅವರಿಗೆ ಕಾರು ತಯಾರಿಡಿ ಎಂದು ಮಾತ್ರ ಹೇಳಿದ್ದೆ.

ಮೊದಲು ಮಾತಾಡಿದ್ದು ಜೋವಿನ್ ಎಂಬ ಎಂಜಿನಿಯರ್. ನಿಯಮ ಬಿಗಿಯಾಗಬೇಕು ಎನ್ನುವವನು ಆ ಸಭೆಯಲ್ಲಿ ಅವನೊಬ್ಬನೇ. "ಕೋವಿ ಬೇಡ ಅಂತ ನಾನು ಹೇಳುವುದಿಲ್ಲ. ಬೀಗ ಹಾಕಿ, ಲೆಕ್ಕ ಇಡಿ ಅಂತ ಹೇಳ್ತೇನೆ. ಬೇಟೆಗೆ ಹೋದವನು ಹಂದಿ ಅಂತ ದೋಸ್ತಿಗೇ ಹೊಡೆದದ್ದು, ಮಕ್ಕಳ ಕೈಗೆ ಕೋವಿ ಸಿಕ್ಕಿದ್ದು, ಇದೆಲ್ಲ ನಮ್ಮಲ್ಲಿ ಆಗುವುದಿಲ್ವಾ?" ಎಂದ. ಹಿಂದಿನಿಂದ ಯಾರೋ, "ನಿನಗೆ ಎಷ್ಟು ಎಕರೆ ಉಂಟು ಮಾರಾಯ?" ಎಂದರು. ಸಭೆ ನಕ್ಕಿತು. ಜೋವಿನ್‌ಗೆ ಒಂದು ಸೆಂಟ್ಸ್ ಜಾಗವೂ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಹುಡುಗ ಮುಖ ಕೆಂಪಗೆ ಮಾಡಿಕೊಂಡು ಕುಳಿತ.

ಆಮೇಲೆ ಇವರು ಎದ್ದರು. ಹೆಗಲ ಮೇಲೆ ಶಾಲು, ಕೋಟಿನ ಜೇಬಿಗೆ ಹೂ. ಚೆನ್ನಾಗಿ ಮಾತಾಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಹಂದಿ ತಿಂದ ಗೆಣಸು, ಮಂಗ ಕಿತ್ತ ತೆಂಗು, ಡಬ್ಬಿ ಬಡಿಯುವ ಚೆನ್ನು, ಎಲ್ಲವನ್ನೂ ತಂದರು. ಚೆನ್ನುವಿನ ರಟ್ಟೆಯ ನೋವು ಹೇಳುವಾಗ ನನ್ನ ಪಕ್ಕದವಳು ಚ್ ಚ್ ಎಂದಳು. ಕೃಷಿಕ ಕಳ್ಳನಾ, ಕೊಲೆಗಾರನಾ ಎಂದು ಕೇಳಿದರು. ಚಪ್ಪಾಳೆ ಬಿತ್ತು. ಚಪ್ಪಾಳೆ ಇವರ ತಲೆಗೆ ಏರುವುದು ನನಗೆ ಗೊತ್ತು, ಮದುವೆಯಾದ ಹೊಸದರಿಂದ ನೋಡಿದ್ದೇನೆ. ಕ್ಯಾಮೆರಾದ ಕಡೆ ತಿರುಗಿ ಕೈ ಎತ್ತಿದರು.

"ಪರವಾನಗಿ ಇದ್ದವನ ಕೋವಿಯಿಂದ, ಅವನ ಒಂದು ತೋಟೆಯಿಂದ, ಏನೂ ಅರಿಯದ ಒಬ್ಬನಿಗೆ ತೊಂದರೆ ಆದದ್ದುಂಟಾ? ಕಂಡೋರ ಕತೆ ಬೇಡ. ಕಣ್ಣಾರೆ ಕಂಡ ಒಂದೇ ಒಂದು ಉದಾಹರಣೆ ಇಲ್ಲಿ ಯಾರಾದ್ರೂ ಹೇಳಿ. ನಾನು ಈ ಸ್ಟೇಜಿಂದ ಇಳಿದು ಹೋಗ್ತೇನೆ."

ನಾನು ಎದ್ದು ನಿಂತೆ. "ನಾನು ಹೇಳ್ತೇನೆ" ಎಂದೆ.

ಮೊದಲು ಕೆಲವರು ನಕ್ಕರು, ಗಂಡ ಹೆಂಡತಿ ಸೇರಿ ಏನೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು. ಇವರು ಮಾತ್ರ ನಗಲಿಲ್ಲ. ಮೈಕ್ ನನಗೆ ಬೇಕಿರಲಿಲ್ಲ. ತೋಟದ ಆ ತುದಿಯಲ್ಲಿದ್ದ ತಮ್ಮನನ್ನು ಊಟಕ್ಕೆ ಕರೆದ ಗಂಟಲು ಇದು.

"ನನ್ನ ತಮ್ಮ ಯಜ್ಞೇಶ ಊರಲ್ಲಿಲ್ಲ. ಬುಧವಾರದಿಂದ ಇಲ್ಲೇ ಪೊಲೀಸರ ಹತ್ರ ಇದ್ದಾನೆ. ಅವನು ತಂದ ಬ್ಯಾಗಲ್ಲಿ ಎರಡು ತೋಟೆ ಸಿಕ್ಕಿದೆ. ಬ್ಯಾಗು ಅವನದ್ದಲ್ಲ. ತೋಟೆಯೂ ಅವನದ್ದಲ್ಲ. ಎರಡೂ ಈಗ ಭಾಷಣ ಮಾಡಿದವರದ್ದು. ಠಾಣೆಗೆ ಲೆಕ್ಕ ಕೊಡ್ಲಿಕ್ಕೆ ಆಗದ್ದನ್ನು ಸಾಕ್ಸಲ್ಲಿ ಸುತ್ತಿಟ್ಟು ಮರೆತರಂತೆ. ಮರೆತ ಬ್ಯಾಗಲ್ಲಿ ಹಪ್ಪಳ ತಾ ಅಂತ ನನ್ನ ತಮ್ಮನಿಗೆ ಹೇಳಿದ್ರು. ಈಗ ಅವನು ಜೈಲಿಗೆ ಹೋದ್ರೂ ಪರವಾಗಿಲ್ಲ, ಇವರ ಲೈವ್ ಮುಗೀಬೇಕು. ಇದಕ್ಕಿಂತ ಹತ್ತಿರದ ಉದಾಹರಣೆ ನನ್ನ ಹತ್ರ ಇಲ್ಲ."

ಕ್ಯಾಮೆರಾದವನು ಅದನ್ನು ಯಾರ ಕಡೆ ತಿರುಗಿಸುವುದೆಂದು ತಿಳಿಯದೆ ನನ್ನ ಕಡೆ ತಿರುಗಿಸಿದ. ಇವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಈಗಲಾದರೂ ಹೌದು ಎನ್ನುತ್ತಾರೆ ಎಂಬ ಸಣ್ಣ ಆಸೆ ನನಗೆ ಆಗಲೂ ಇತ್ತು, ನಿಜ ಹೇಳುತ್ತೇನೆ.

"ಕ್ಷಮಿಸ್ಬೇಕು ಎಲ್ಲರೂ," ಎಂದರು ಇವರು, ಮೆಲ್ಲಗೆ, ಬಹಳ ದುಃಖದ ಸ್ವರದಲ್ಲಿ. "ತಮ್ಮನಿಗೆ ಒಂದು ಸಣ್ಣ ತೊಂದರೆ ಆಗಿದೆ, ನಿಜ. ಆ ಬೇಜಾರಲ್ಲಿ ಇವಳಿಗೆ ತಲೆ ಸರಿ ಇಲ್ಲ. ಎರಡು ದಿನದಿಂದ ನಿದ್ದೆ ಮಾಡ್ಲಿಲ್ಲ. ಯಾರಾದ್ರೂ ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ."

ಇಬ್ಬರು ಹೆಂಗಸರು ನಿಜಕ್ಕೂ ನನ್ನ ತೋಳು ಹಿಡಿಯಲು ಬಂದರು. "ಮನೆ ವಿಷಯ ಮನೇಲಿ ಮಾತಾಡುವ ಪೂವಕ್ಕ" ಎಂದಳು ಒಬ್ಬಳು. ನಾನು ಕೈ ಕೊಡವಿದೆ. ಮನೆಯ ವಿಷಯವಂತೆ. ಮನೆಯ ವಿಷಯ ಎಂದು ಬಾಗಿಲ ಹಿಂದೆ ನೇತುಹಾಕಿದ್ದರಿಂದಲೇ ಇಲ್ಲಿಯವರೆಗೆ ಬಂದದ್ದು. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಯೂಸುಫಾಕ ಜೋರಾಗಿ ಹೇಳಿದರು, "ಯಲ್ಲಾ, ಹೋಗುವ ಪೂವಕ್ಕ. ಕಾರು ಹೊರಗೆ ಉಂಟು." ಯೂಸುಫಾಕನ ವೀಸಾವೂ ಇವರ ಕಂಪನಿಯದ್ದೇ. ಅದು ಗೊತ್ತಿದ್ದೇ ಅವರು ಅಷ್ಟು ಜನರ ನಡುವೆ ಆ ಮಾತು ಹೇಳಿದರು.

ಠಾಣೆಯಲ್ಲಿದ್ದ ಅಧಿಕಾರಿ ನಡುವಯಸ್ಸಿನ ಮನುಷ್ಯ. ನಮಗೆ ಕುರ್ಚಿ ಕೊಟ್ಟು ಕೂರಿಸಿದರು. ನಾನು ಹೇಳಿದ್ದನ್ನು ಯೂಸುಫಾಕ ಅರಬ್ಬಿಯಲ್ಲಿ ಹೇಳುತ್ತಾ ಹೋದರು. ಅಧಿಕಾರಿ ಕೇಳಿಕೊಂಡು, ಯಜ್ಞೇಶನನ್ನು ಕರೆಸಿದರು. ನಿನ್ನ ಅಕ್ಕ ಬ್ಯಾಗು ನಿನ್ನದಲ್ಲ ಎನ್ನುತ್ತಾಳೆ, ನೀನೇನು ಹೇಳುತ್ತಿ ಎಂದು ಕೇಳಿದರು.

"ಅಕ್ಕ ನನ್ನನ್ನು ಬಿಡಿಸ್ಲಿಕ್ಕೆ ಹಾಗೆ ಹೇಳ್ತಾಳೆ. ಬ್ಯಾಗ್ ನನ್ನದೇ" ಎಂದ ತಮ್ಮ.

ಗಂಡನ ಮೇಲಿನ ಸಿಟ್ಟು ಒಂದು ತರಹ. ಇವನ ಮೇಲೆ ಬಂದದ್ದು ಬೇರೆಯೇ ತರಹ. ಎದ್ದು ಹೋಗಿ ಅವನ ಎದುರು ನಿಂತೆ. "ಏ, ನನ್ನ ಮುಖ ನೋಡು. ನಾನು ಇವತ್ತು ಎಲ್ಲರ ಎದುರು ಹೇಳಿ ಬಂದವಳು. ಇನ್ನು ನೀನು ಮುಚ್ಚಿಡ್ಲಿಕ್ಕೆ ಏನೂ ಉಳೀಲಿಲ್ಲ. ನೀನು ಜೈಲಲ್ಲಿ ಕೂತು ಉಳಿಸಿ ಕೊಡುವ ಸಂಸಾರ ನನಗೆ ಬೇಡ. ಅಂಥ ಮನೇಲಿ ಒಂದು ತುತ್ತು ಅನ್ನ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅಮಿತಾ ಇಲ್ಲಿ ನಿಂತಿದ್ದಾಳೆ, ನಿನ್ನನ್ನು ನಂಬಿ ಬಂದವಳು. ಅವಳ ಸಂಸಾರ ಸಂಸಾರ ಅಲ್ವಾ?"

ಅವನು ಅಮಿತಾಳನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ದೊಡ್ಡವನಾದ ಮೇಲೆ ಅವನು ಅಳುವುದನ್ನು ನಾನು ನೋಡಿರಲಿಲ್ಲ. ಅಳುತ್ತಲೇ ಯೂಸುಫಾಕನಿಗೆ ಹೇಳಿದ, "ಭಾವನದ್ದು. ತರಲು ಹೇಳಿದ್ರು, ಕೊಂಡು ಬಂದೆ. ಒಳಗೆ ಏನಿತ್ತು ಅಂತ ನೋಡ್ಲಿಲ್ಲ."

ಅಧಿಕಾರಿ ಇವರಿಗೆ ಫೋನ್ ಮಾಡಿಸಿದರು. ಭಾಷಣ ಕೇಳದ ಸರ್ಕಾರದ ಫೋನು ಅದು. ಇವರು ಬಂದೇ ಬಂದರು, ಹೆಗಲ ಮೇಲೆ ಇನ್ನೂ ಆ ಶಾಲು ಇತ್ತು. ದಾರಿಯಲ್ಲಿ ಒಂದು ಕೆಂಪು ದೀಪವನ್ನೂ ದಾಟದೆ, ಸೀಟ್ ಬೆಲ್ಟ್ ಹಾಕಿಕೊಂಡೇ ಬಂದಿರುತ್ತಾರೆ. ನನ್ನನ್ನಾಗಲಿ ತಮ್ಮನನ್ನಾಗಲಿ ನೋಡಲಿಲ್ಲ. ಅಧಿಕಾರಿ ಕಪ್ಪು ಬ್ಯಾಗನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಎರಡು ತೋಟೆಗಳನ್ನು ಇಟ್ಟರು. ನಿನ್ನದಾ ಎಂದು ಕೇಳಿದರು.

ಇಲ್ಲಿ ಕಾನೂನು ಅಂದರೆ ಕಾನೂನು. "ಹೌದು" ಎಂದರು ಇವರು. ಎರಡು ಸಲ ಹೇಳಿಸಿದರು, ಎರಡು ಸಲವೂ ಹೌದೆಂದರು.

ಅಧಿಕಾರಿ ಬರೆದುಕೊಂಡರು. ಇವರು ಇವತ್ತು ಇಲ್ಲೇ ಇರಬೇಕು, ಭಾನುವಾರ ಇಬ್ಬರ ಹೇಳಿಕೆಯೂ ಪ್ರಾಸಿಕ್ಯೂಷನ್ನಿಗೆ ಹೋಗುತ್ತದೆ, ಗೊತ್ತಿಲ್ಲದೆ ತಂದದ್ದೆಂದು ಅವರಿಗೆ ಖಾತ್ರಿಯಾದರೆ ಯಜ್ಞೇಶ ಜಾಮೀನಿನ ಮೇಲೆ ಮನೆಗೆ ಹೋಗಬಹುದು ಎಂದು ಯೂಸುಫಾಕ ನಮಗೆ ತಿಳಿಸಿದರು. ಅಮಿತಾ ನನ್ನ ಕೈ ಹಿಡಿದುಕೊಂಡಳು. ತಮ್ಮ ಆಗಲೂ ಎದ್ದು ನಿಂತು, "ಭಾವ, ನೀವು ಕೂತ್ಕೊಳ್ಳಿ" ಎಂದು ತನ್ನ ಕುರ್ಚಿಯನ್ನು ಇವರ ಕಡೆ ಸರಿಸಿದ. ಇವರು ಕುಳಿತರು.

ಇವರಿಗೆ ತಮ್ಮನ ಹತ್ತಿರ ಒಂದು ಮಾತು ಆಡಲು ಅದು ಸಮಯವಾಗಿತ್ತು. ತಪ್ಪಾಯಿತು ಎಂದು ಹೇಳಬಹುದಿತ್ತು. ಹೆಗಲ ಮೇಲೆ ಕೈ ಇಟ್ಟಿದ್ದರೂ ಸಾಕಿತ್ತು, ನಾನು ಹೆಣ್ಣು, ಕರಗುತ್ತಿದ್ದೆನೋ ಏನೋ. ಇವರು ಯೂಸುಫಾಕನ ಕಡೆ ಬಾಗಿ, ಮೆಲ್ಲಗೆ, ಆದರೆ ನಮಗೆಲ್ಲ ಕೇಳುವ ಹಾಗೆ ಹೇಳಿದರು.

"ಯೂಸುಫ್, ಇದು ಊರಿಗೆ ಗೊತ್ತಾಗ್ತದಾ ಅಂತ ಸ್ವಲ್ಪ ಕೇಳು. ಮುಂದಿನ ವಾರ ಫಲಿತಾಂಶ. ಠಾಣೆಯಿಂದ ನನ್ನ ಕೋವಿ ವಾಪಸ್ ಸಿಗ್ಬೇಕಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟು, ಇವನು ಈಗ ಏನು ಹೇಳಿದ ಎಂದು ಕೇಳಿದರು. ಯೂಸುಫಾಕ ನನ್ನ ಮುಖ ನೋಡಿದರು. ಇವರೂ ನೋಡಿದರು, ಆ ಸಂಜೆ ಮೊದಲ ಸಲ.

"ಹೇಳಿ ಯೂಸುಫಾಕ," ಎಂದೆ ನಾನು. "ಒಂದಕ್ಷರ ಬಿಡದೆ ಹೇಳಿ."